ಕೆಂಪಿಗೆ ಓದಿ ಹೇಳಿದ ಮಕ್ಕಳು

"ಶಾಲೆಗೆ ನಾಯಿ ತರ್ತೀರಾ ಮೇಷ್ಟ್ರೇ? ಕಚ್ಚಿದ್ರೆ ಯಾರು ಹೊಣೆ?" ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎಲ್ಲರೂ ಇದನ್ನೇ ಕೇಳಿದರು. ಈಗ ಅವರೇ ಗೇಟಿನಲ್ಲಿ ಸಿಕ್ಕರೆ "ಇವತ್ತು ಕೆಂಪಿ ಬಂದಿಲ್ವಾ?" ಅನ್ನುತ್ತಾರೆ. ಎರಡು ವರ್ಷ ಹಿಡಿಯಿತು.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1999ರಲ್ಲೇ ಮಕ್ಕಳು ನಾಯಿಗೆ ಓದಿ ಹೇಳುವ ಕಾರ್ಯಕ್ರಮ ಶುರುವಾಗಿತ್ತು. ಅದನ್ನು ಓದಿ, ಗಟ್ಟಿಯಾಗಿ ಓದಲು ಅಂಜುವ ನಮ್ಮ ಮಕ್ಕಳಿಗೂ ಹೀಗೆ ಮಾಡಬಹುದು ಅಂತ ನನಗೆ ಧೈರ್ಯ ಬಂತು.

ಮೊದಲು ತಂದಿದ್ದು ಗೆಳೆಯರ ಲ್ಯಾಬ್ರಡಾರ್. ಸಾಧು ನಾಯಿ. ಆದರೆ ಮಕ್ಕಳ ಗದ್ದಲಕ್ಕೆ ಖುಷಿಯಾಗಿ ಮೈಮೇಲೆ ಹಾರಿತು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಹೆದರಿ ಎರಡು ದಿನ ಶಾಲೆಗೇ ಬರಲಿಲ್ಲ. ತಪ್ಪು ನನ್ನದು, ಗದ್ದಲಕ್ಕೆ ಮೊದಲೇ ರೂಢಿ ಮಾಡಿಸಬೇಕಿತ್ತು. ಆಮೇಲೆ ಮಾವನ ಮನೆಯ ಮುಧೋಳ ನಾಯಿ. ಬೇಟೆಗೆ, ಓಟಕ್ಕೆ ಬೆಳೆಸಿದ ತಳಿ. ಹೊಸಬರು ಮುಟ್ಟಿದರೆ ಮೈ ಬಿಗಿ ಹಿಡಿಯುತ್ತಿತ್ತು. ಮಾರನೇ ದಿನವೇ ವಾಪಸ್. ಇವೆರಡಕ್ಕೇ ಸುಮಾರು 9 ಸಾವಿರ ಸುಮ್ನೆ ಹೋಯಿತು.

ಕೆಂಪಿ ನಮ್ಮ ಬೀದಿಯ ನಾಯಿ. ಹುಡುಗರು ಬಾಲ ತುಳಿದರೂ ಎದ್ದು ಪಕ್ಕಕ್ಕೆ ಹೋಗುತ್ತಿದ್ದಳು, ಅಷ್ಟೆ. ಅದನ್ನು ನೋಡಿಯೇ ಮನೆಗೆ ತಂದೆ. ಮರಿ ಆಗದ ಆಪರೇಷನ್, ರೇಬೀಸ್ ಇಂಜೆಕ್ಷನ್, ಜಂತುಹುಳದ ಮಾತ್ರೆ ಎಲ್ಲ ಸೇರಿ ಮೊದಲ ವರ್ಷ 14 ಸಾವಿರದ ಆಸುಪಾಸು. ಇಂಜೆಕ್ಷನ್ ಕಾರ್ಡಿನ ಜೆರಾಕ್ಸ್ ಹೆಡ್‌ಮಿಸ್ ಮೇಜಿನ ಮೇಲಿಟ್ಟೆ. ನನ್ನ ಮಾತಿಗಿಂತ ಆ ಕಾಗದವೇ ಜಾಸ್ತಿ ಕೆಲಸ ಮಾಡಿತು.

ತರಬೇತಿಗೆ ಏಳೆಂಟು ತಿಂಗಳು. ಬೆಲ್ ಹೊಡೆದರೂ ಅಲ್ಲಾಡದೆ ಮಲಗುತ್ತಾಳೆ. ಅದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ. ಬಿಸ್ಕತ್ತಿನಿಂದ ಅಲ್ಲ, ಇಷ್ಟು ಹೇಳಬಲ್ಲೆ.

ವಾರಕ್ಕೆ ಎರಡು ದಿನ, ಒಂದು ಮಗುವಿಗೆ 10 ನಿಮಿಷ. ನುಣುಪು ನೆಲದಲ್ಲಿ ಅವಳ ಕಾಲು ಜಾರುತ್ತದೆ, ಅದಕ್ಕೆ ಒಂದು ಕಂಬಳಿ. ಬಾಗಿಲು ತೆರೆದೇ ಇರಬೇಕು. ನಾನು ದೂರ ಕೂರುತ್ತೇನೆ, ತಿದ್ದುವುದಿಲ್ಲ. ಕ್ಲಾಸಿನಲ್ಲಿ ಬಾಯೇ ಬಿಡದ ಹುಡುಗನೊಬ್ಬ 'ಎತ್ತು' ಅನ್ನೋದನ್ನ 'ಎತು' ಅಂತ ಓದಿದ. ಕೆಂಪಿ ಕಣ್ಣು ಮುಚ್ಚಿ ಮಲಗಿದ್ದಳು. ಅವನೇ ನಿಲ್ಲಿಸಿದ. ಒತ್ತಕ್ಷರದ ಮೇಲೆ ಬೆರಳಿಟ್ಟ. ಅವಳ ಕಿವಿ ಮೆಲ್ಲಗೆ ಎತ್ತಿ, "ಎತ್ತು ಕಣೇ, ಎತ್-ತು" ಅಂದ. ನನಗೆ ಗಂಟಲು ಕಟ್ಟಿತು.

ಆ ವರ್ಷ ಹನ್ನೊಂದೋ ಹನ್ನೆರಡೋ ಮಕ್ಕಳು ಅವಳ ಪಕ್ಕ ಕೂತರು. ಎಂಟು ಮಂದಿ ಈಗ ಕ್ಲಾಸಿನಲ್ಲಿ ಎದ್ದು ನಿಂತು ಓದುತ್ತಾರೆ. ನಮ್ಮ ಕಡೆ ಬೇರೆ ಯಾರೂ ಇದನ್ನು ಮಾಡಿದ್ದು ನಾನು ನೋಡಿಲ್ಲ.

ಮಗ್ಗಿಗೂ ಪ್ರಯತ್ನಿಸಿದೆ. ಮಕ್ಕಳು ಒಟ್ಟಿಗೆ ಕೂಗಿದರು. ಕೆಂಪಿ ಆಕಳಿಸಿದಳು, ತುಟಿ ನೆಕ್ಕಿಕೊಂಡಳು, ಮುಖ ತಿರುಗಿಸಿದಳು. ಅದು ನಿದ್ದೆಯಲ್ಲ, ಕಸಿವಿಸಿ. ಅಲ್ಲಿಗೇ ಬಿಟ್ಟೆ. ಏಳನೇ ಕ್ಲಾಸಿನವರು ಪರೀಕ್ಷೆ ದಿನ ಬೆಳಿಗ್ಗೆ ಐದು ನಿಮಿಷ ಅವಳ ತಲೆ ಸವರಿ ಹೋಗುವುದು ಮಾತ್ರ ಚೆನ್ನಾಗಿ ನಡೆದಿದೆ.

ಲ್ಯಾಬ್ರಡಾರ್‌ಗೆ ಹೆದರಿದ್ದ ಹುಡುಗಿ ಈಗ ಐದನೇ ಕ್ಲಾಸು. ಗುರುವಾರ ತಾನಾಗೇ ಬಂದು ಕಂಬಳಿಯ ಅಂಚಿನಲ್ಲಿ ಕೂತು ಓದುತ್ತಾಳೆ. ಕೆಂಪಿಯನ್ನು ಇನ್ನೂ ಮುಟ್ಟಿಲ್ಲ. ಮುಟ್ಟು ಅಂತ ನಾನೂ ಹೇಳಿಲ್ಲ.