ರಾಕ್ ಗಂಟಲಲ್ಲಿ ಹಳೇ ಜಾಝ್ ಪ್ರೇಮಗೀತೆ ಹಾಡೋದು ಹೇಗೆ?

ದಾವಣಗೆರೆಯ ಕಾಲೇಜು ಫಂಕ್ಷನ್‌ಗಳಲ್ಲಿ ಗಂಟಲು ಹರಿದುಕೊಂಡು ರಾಕ್ ಹಾಡುವವರೇ, 1920-30ರ ದಶಕದ ಅಮೆರಿಕದ ಪ್ರೇಮಗೀತೆಗಳನ್ನೂ ಒಮ್ಮೆ ಹಾಡಿ ನೋಡಿ. ಬ್ರಿಟನ್ನಿನ ರಾಕ್ ಗಾಯಕ ರಾಡ್ ಸ್ಟೀವರ್ಟ್ 2002ರಲ್ಲಿ ಇಂಥ ಹಾಡುಗಳದ್ದೇ ಆಲ್ಬಮ್ ಮಾಡಿದರು, ಅದೂ ತಮ್ಮ ಒರಟು ದನಿ ಬಿಡದೇ. ನೀವೂ ದನಿ ಬದಲಿಸಬೇಡಿ, ಜೋರು ಮಾತ್ರ ಕಡಿಮೆ ಮಾಡಿ.

ಮೊದಲು ಶ್ರುತಿ ಇಳಿಸಿ. ಮಾತಾಡುವಷ್ಟೇ ಸಲೀಸಾಗಿ ಸಾಲು ಬರಬೇಕು. ಮೈಕ್ ತುಟಿಯ ಹತ್ತಿರವೇ ಇರಲಿ, ಈ ಮೆಲುದನಿಯ ಶೈಲಿ ಬೆಳೆದದ್ದೇ ಮೈಕ್ ಬಂದ ಮೇಲೆ ಅಲ್ವಾ.

ಆಮೇಲೆ ತಾಳ. ಡ್ರಮ್ಮರ್ ಸ್ಟಿಕ್ ಬಿಟ್ಟು ಮೆತ್ತಗೆ ಸವರುವ ಬ್ರಶ್ ಹಿಡಿಯಲಿ, ಗಿಟಾರಿನ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಆಫ್ ಇರಲಿ. ಸಾಲಿನ ಮೊದಲ ಪದವನ್ನು ಸರಿಯಾಗಿ ಬೀಟ್ ಮೇಲೇ ಬೀಳಿಸಬೇಡಿ, ಒಂಚೂರು ತಡವಾಗಿ ಶುರು ಮಾಡಿ ಸಾಲಿನ ಕೊನೆಗೆ ಬ್ಯಾಂಡ್ ಜೊತೆ ಸೇರಿಕೊಳ್ಳಿ. ಕೊನೆಯ ಪದವನ್ನು ಮೊದಲು ನೇರವಾಗಿ ಹಿಡಿದು, ಉಸಿರು ಮುಗಿಯುವ ಹೊತ್ತಿಗೆ ಸ್ವಲ್ಪವೇ ಕಂಪನ ಕೊಡಿ. ನನಗಂತೂ ಪ್ರೀತಿ ಕೇಳಿಸೋದು ಅಲ್ಲೇ.

ಬಹಳಷ್ಟು ಹಾಡುಗಳು 32 ಬಾರ್‌ನವು (ಬಾರ್ ಅಂದ್ರೆ ತಾಳದ ಒಂದು ಸುತ್ತು): ಒಂದೇ ಧಾಟಿ ಎರಡು ಸಲ, ನಡುವೆ ಬೇರೆ ಧಾಟಿ, ಮತ್ತೆ ಮೊದಲಿನದು. ನಿಮ್ಮ ರಾಕ್ ಅಬ್ಬರವನ್ನು ಆ ನಡುವಿನ 8 ಬಾರ್‌ಗೆ ಉಳಿಸಿಕೊಳ್ಳಿ.

ಪ್ರಾಕ್ಟೀಸನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿ. ಪದ ಸ್ಪಷ್ಟವಾಗಿಲ್ಲ ಅನಿಸಿದರೆ ಬ್ಯಾಂಡ್ ಸೌಂಡ್ ಇಳಿಸಿ, ನಿಮ್ಮ ದನಿ ಏರಿಸಬೇಡಿ.