ಹಿತ್ತಲಲ್ಲಿ ಹೊಗೆ ಅಡುಗೆ: ಬೇಸಿಗೆಗೆ ನಾನು ಕಂಡುಕೊಂಡ ದಾರಿ

ನಮ್ಮ ತೀರ್ಥಹಳ್ಳಿ ಕಡೆ ಹೊಗೆ ಅಂದರೆ ಮಳೆಗಾಲದ ಮಾತು. ತಿಂಗಳುಗಟ್ಟಲೆ ಬಿಸಿಲೇ ಸರಿಯಾಗಿ ಕಾಣದ ಊರಲ್ಲಿ ಒಣಗಿಸಬೇಕಾದ್ದೆಲ್ಲ ಒಲೆ ಮೇಲಿನ ಅಟ್ಟಕ್ಕೇ ಹೋಗಬೇಕಿತ್ತು. ಮೊದಲ ಮಳೆಗೆ ಗದ್ದೆಗೆ ಏರಿ ಬರುವ ಹತ್ತುಮೀನು, ಬಾಡಿನ ತುಂಡು, ಬಿತ್ತನೆಗೆ ಇಟ್ಟ ಬೀಜ, ಎಲ್ಲಕ್ಕೂ ಅದೇ ಹೊಗೆ. ಹಾಗಾಗಿ ಏಪ್ರಿಲ್ ಬಿಸಿಲಲ್ಲಿ ನಾನು ಹೊಗೆ ಹಾಕೋಕೆ ಕೂತರೆ ನಮ್ಮತ್ತೆಗೆ ಇವತ್ತಿಗೂ ನಗು.

ಆದರೆ ನನ್ನ ಪ್ರಕಾರ ಇದಕ್ಕೆ ಬೇಸಿಗೆಯೇ ಸರಿಯಾದ ಕಾಲ. ಸೌದೆ ಪೂರ್ತಿ ಒಣಗಿರುತ್ತದೆ. ಹಸಿ ಸೌದೆಯ ಹೊಗೆ ಕಣ್ಣಿಗೂ ಕೆಟ್ಟದು, ನಾಲಿಗೆಗೂ ಕಹಿ. ಇನ್ನೊಂದು, ಅಡುಗೆ ಹೊರಗೆ ಆಗುವುದರಿಂದ ಮನೆಯೊಳಗೆ ಸೆಕೆ ಏರುವುದಿಲ್ಲ. ಎಣ್ಣೆಯೂ ಹೆಚ್ಚು ಕಡಿಮೆ ಬೇಡವೇ ಬೇಡ.

ಶುರುವಿಗೇ ಒಂದು ಮಾತು ಹೇಳಿಬಿಡುತ್ತೇನೆ. ಹೊಗೆಯಲ್ಲಿ ಗಂಟೆಗಟ್ಟಲೆ ಬೇಯಿಸುವ ವಿಧಾನ ನನ್ನದಲ್ಲ. ನನ್ನ ಅಡುಗೆಯಲ್ಲಿ ಬೇಯಿಸುವ ಕೆಲಸ ಹಬೆಯದು, ಹೊಗೆಯದು ಕೊನೆಗೆ ರುಚಿ ಹಾಕುವ ಕೆಲಸ ಮಾತ್ರ. ಇಡ್ಲಿ ಪಾತ್ರೆಯಲ್ಲಿ ಮುಕ್ಕಾಲು ಬೇಯಿಸಿ, ಆಮೇಲೆ ಎಂಟು ಹತ್ತು ನಿಮಿಷ ಹೊಗೆ ಕೊಟ್ಟರೆ ಸಾಕು. ಹೊಗೆ ಕಡಿಮೆ ಆದಷ್ಟೂ ಊಟ ಹಗುರ, ಆರೋಗ್ಯಕ್ಕೂ ಒಳ್ಳೆಯದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸಾಮಾನು ಏನೂ ಕೊಳ್ಳಬೇಕಾಗಿಲ್ಲ. ಅಗಲವಾದ ಹಳೇ ಕಬ್ಬಿಣದ ಬಾಣಲೆ, ಅದಕ್ಕೆ ಸರಿಯಾಗಿ ಕೂರುವ ಮುಚ್ಚಳ, ಒಳಗೆ ಇಡೋಕೆ ಕಾಲಿರುವ ಒಂದು ಜಾಲರಿ, ಒಂದು ಚಿಕ್ಕ ಸ್ಟೀಲ್ ತಟ್ಟೆ. ನಾನ್‌ಸ್ಟಿಕ್ ಬಾಣಲೆ ಮಾತ್ರ ಬೇಡವೇ ಬೇಡ. ನೀರಿಲ್ಲದೆ ಅಷ್ಟು ಕಾದರೆ ಅದರ ಲೇಪನವೇ ಕೆಟ್ಟು ವಿಷದ ಗಾಳಿ ಬಿಡುತ್ತದೆ. ಪೇಂಟ್ ಡಬ್ಬ, ತಗಡಿನ ಬಕೆಟ್ಟು ಕೂಡ ಬೇಡ. ಬಕೆಟ್ಟಿಗೆ ಸತುವಿನ ಲೇಪ ಇರುತ್ತದೆ.

ಬೆಂಕಿಗೆ ನನ್ನ ಆಧಾರ ಬಚ್ಚಲ ಒಲೆ. ಮನೆಗೆ ಗ್ಯಾಸ್ ಬಂದು ಅಡುಗೆ ಒಲೆ ಹೋದರೂ ನಮ್ಮ ಕಡೆ ಹಂಡೆ ಒಲೆ ಮಾತ್ರ ಹೋಗಿಲ್ಲ. ಎಂಥ ಬೇಸಿಗೆಯಲ್ಲೂ ಮಲೆನಾಡಿನವರಿಗೆ ಬಿಸಿನೀರಿನ ಸ್ನಾನವೇ ಆಗಬೇಕು, ಅಲ್ವಾ? ಎಲ್ಲರ ಸ್ನಾನ ಮುಗಿದ ಮೇಲೆ ಒಲೆಯಲ್ಲಿ ಒಳ್ಳೆ ಕೆಂಡ ಉಳಿದಿರುತ್ತದೆ. ಅದನ್ನು ಸಲಿಕೆಯಲ್ಲಿ ಎತ್ತಿ ಹಿತ್ತಲಲ್ಲಿ ಮೂರು ಕಲ್ಲಿನ ನಡುವೆ ಹಾಕಿ, ಮೇಲೆ ಬಾಣಲೆ ಇಡುತ್ತೇನೆ. ಕೆಂಡ ಸಾಲದೇ ಇದ್ದರೆ ಎರಡು ತೆಂಗಿನ ಕರಟ ಸೇರಿಸುತ್ತೇನೆ. ಕರಟದ ಕೆಂಡ ಬಿಸಿ ಜಾಸ್ತಿ, ಬಾಳಿಕೆಯೂ ಜಾಸ್ತಿ.

ಒಂದು ಎಚ್ಚರ. ಬೇಸಿಗೆಯಲ್ಲಿ ಹಿತ್ತಲ ತುಂಬ ದರಗು, ಅಂದರೆ ಒಣ ಎಲೆ, ಬಿದ್ದಿರುತ್ತದೆ. ಸುತ್ತ ಚೆನ್ನಾಗಿ ಗುಡಿಸಿ, ನೀರು ಚಿಮುಕಿಸಿ, ಪಕ್ಕದಲ್ಲಿ ಒಂದು ಕೊಡ ನೀರು ಇಟ್ಟುಕೊಂಡೇ ಕೂರಬೇಕು. ಗಾಳಿ ಜೋರಿದ್ದ ದಿನ ನಾನು ಈ ಕೆಲಸಕ್ಕೇ ಹೋಗುವುದಿಲ್ಲ. ತೋಟಕ್ಕೆ ಸೊಪ್ಪು ತರುವ ಕಾಡು, ಅದೇ ಸೊಪ್ಪಿನಬೆಟ್ಟ, ಹತ್ತಿರ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಚಕ್ಕೆಯ ವಿಷಯ. ರುಚಿಯೆಲ್ಲ ನಿಂತಿರುವುದು ಇಲ್ಲೇ. ಬಾಣಲೆಯೊಳಗೆ ಹಾಕುವುದು ಒಂದು ಹಿಡಿ ಮರದ ಚಕ್ಕೆ, ಅಷ್ಟೇ. ಕೆಳಗಿನ ಕೆಂಡದ ಶಾಖಕ್ಕೆ ಚಕ್ಕೆ ಉರಿಯದೆ ಸುಮ್ನೆ ಕರಕಲಾಗುತ್ತಾ ಹೊಗೆ ಬಿಡುತ್ತದೆ. ಮರದಲ್ಲಿ ಲಿಗ್ನಿನ್ ಅನ್ನೋ ಅಂಶ ಇದೆ. ಬಿಸಿಗೆ ಅದು ಒಡೆದು ಗಯಕಾಲ್, ಸಿರಿಂಗಾಲ್ ಎಂಬ ವಸ್ತುಗಳಾಗುತ್ತವೆ. ನಾವು ಹೊಗೆಯ ರುಚಿ, ಹೊಗೆಯ ಘಮ ಅನ್ನುವುದು ಮುಖ್ಯವಾಗಿ ಇವನ್ನೇ. ಗಟ್ಟಿ ಮರದ ಹೊಗೆ ಚೆನ್ನ. ಅಂಟು, ಎಣ್ಣೆ ಇರುವ ಮರದ ಹೊಗೆ ಕಾರುಕಾರು.

ನನಗೆ ಎಲ್ಲಕ್ಕಿಂತ ಇಷ್ಟ ಪೇರಲೆ. ಹಿತ್ತಲ ಗಿಡ ಸವರಿದಾಗ ಸಿಗುವ ಹೆಬ್ಬೆರಳು ದಪ್ಪದ ಕೊಂಬೆಗಳನ್ನು ತೊಗಟೆ ಕೆತ್ತಿ, ಕತ್ತಿಯಲ್ಲಿ ಸಣ್ಣಗೆ ಸೀಳಿ, ಬಿಸಿಲಲ್ಲಿ ಒಣಗಿಸಿ ಡಬ್ಬಕ್ಕೆ ತುಂಬುತ್ತೇನೆ. ಹೊಗೆ ಮೃದು, ಸ್ವಲ್ಪ ಸಿಹಿ. ಕೊಪ್ಪದ ಕಡೆಯ ನೆಂಟರ ತೋಟದಿಂದ ಸವರಿದ ಕಾಫಿ ಗಿಡದ ಕೊಂಬೆ ಬರುತ್ತದೆ. ಅದೂ ಒಳ್ಳೆಯದೇ, ಮಾಂಸಕ್ಕೆ ಚೆನ್ನಾಗಿ ಹೊಂದುತ್ತದೆ. ಹಲಸಿನ ಚಕ್ಕೆ ಆಗಬಹುದು, ಆದರೆ ಚೆನ್ನಾಗಿ ಒಣಗಿರಬೇಕು.

ಬೇಡದ್ದು ಯಾವುದು ಅನ್ನುವುದು ಇನ್ನೂ ಮುಖ್ಯ. ನಮ್ಮ ಕಡೆ ಒಲೆ ಹೊತ್ತಿಸೋಕೆ ಎಲ್ಲರೂ ಅಡಿಕೆ ಸಿಪ್ಪೆ ಬಳಸುತ್ತಾರೆ. ಅದು ನಿಧಾನಕ್ಕೆ ಹೊಗೆಯಾಡುವುದನ್ನು ನೋಡಿದರೆ ಇದಕ್ಕೇ ಹೇಳಿ ಮಾಡಿಸಿದ ಹಾಗಿದೆ ಅನಿಸುತ್ತದೆ. ನಾನು ಮಾತ್ರ ಮುಟ್ಟುವುದಿಲ್ಲ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಆ ಗೊನೆಗಳಿಗೇ ಅಲ್ವಾ ಬೋರ್ಡೋ ದ್ರಾವಣ ಹೊಡೆಯುವುದು? ಮೈಲುತುತ್ತ, ಸುಣ್ಣ ಕುಡಿದ ಸಿಪ್ಪೆಯ ಹೊಗೆ ಹಂಡೆಯ ಕೆಳಗೆ ಇರಲಿ, ತಿನ್ನುವ ಮೀನಿಗೆ ಬೇಡ. ನೀಲಗಿರಿಯ ಹೊಗೆ ಹಾಕಿದರೆ ಮೀನು ಹೋಗಿ ಕಷಾಯದ ವಾಸನೆ ಬರುತ್ತದೆ. ಪ್ಲೈವುಡ್ ಚೂರು, ಬಣ್ಣ ಬಳಿದ ಕಿಟಕಿ ಚೌಕಟ್ಟು ಇವೆಲ್ಲ ಬೇಡ. ಕಾಡಿಂದ ತಂದ ಗುರುತಿಲ್ಲದ ಸೌದೆ ಅಂತೂ ಖಂಡಿತ ಬೇಡ. ಹೊಳಗೇರು ಮರದ ಸೊನೆ ತಾಗಿ ಮೈಯೆಲ್ಲ ಬೊಬ್ಬೆ ಎದ್ದವರು ಪ್ರತಿ ಊರಲ್ಲೂ ಇದ್ದಾರೆ. ಅದರ ಹೊಗೆಯೂ ಒಳ್ಳೆಯದಲ್ಲ. ಗೇರುಬೀಜದ ಸಿಪ್ಪೆಗೂ ಇದೇ ಮಾತು, ಅದರ ಎಣ್ಣೆ ಚರ್ಮ ಸುಡುತ್ತದೆ.

ಚಕ್ಕೆ ಹಾಕಿದ ತಕ್ಷಣ ಬರುವ ಹೊಗೆ ದಪ್ಪ, ಬಿಳಿ, ಮೂಗಿಗೆ ಚುಚ್ಚುತ್ತದೆ. ಆಗ ಏನನ್ನೂ ಇಡಬಾರದು. ಮುಚ್ಚಳ ತೆಗೆದು ಎರಡು ಮೂರು ನಿಮಿಷ ಕಾದರೆ ಹೊಗೆ ತೆಳ್ಳಗಾಗಿ, ಬಿಸಿಲಿಗೆ ಹಿಡಿದು ನೋಡಿದಾಗ ನಸುನೀಲಿಯಾಗಿ ಕಾಣುತ್ತದೆ. ವಾಸನೆಯೂ ಬದಲಾಗುತ್ತದೆ, ಬಾಯಲ್ಲಿ ನೀರೂರುವ ಹಾಗೆ. ಅದೇ ಹೊತ್ತು. ಚಕ್ಕೆಯ ಮೇಲೆ ಸ್ಟೀಲ್ ತಟ್ಟೆ, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಬಾಳೆಎಲೆಯ ತುಂಡು, ಅದರ ಮೇಲೆ ತಿನಿಸು. ಎಲೆ ಜಾಲರಿಯನ್ನು ಪೂರ್ತಿ ಮುಚ್ಚಬಾರದು, ಸುತ್ತ ಹೊಗೆ ಏರೋಕೆ ಜಾಗ ಬೇಕು. ಮುಚ್ಚಳದ ಸಂದಿಗೆ ಒದ್ದೆ ಬಟ್ಟೆ ಸುತ್ತಿದರೆ ಹೊಗೆ ಒಳಗೇ ನಿಲ್ಲುತ್ತದೆ.

ಆ ತಟ್ಟೆ ಯಾಕೆ ಅಂದರೆ, ಮೀನು ಮಾಂಸದ ಕೊಬ್ಬು ಬೆಂಕಿಗೋ ಕೆಂಡಕ್ಕೋ ತೊಟ್ಟಿಕ್ಕಿ ಉರಿದಾಗ ಪಿಎಎಚ್ ಅನ್ನುವ ರಾಸಾಯನಿಕಗಳು ಹುಟ್ಟುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಸೌದೆಯ ಹೊಗೆಯಲ್ಲೂ ಅವು ಇರುತ್ತವೆ. ತಟ್ಟೆ ಇಟ್ಟರೆ ತೊಟ್ಟಿಕ್ಕುವ ಕೊಬ್ಬು ಅಲ್ಲೇ ನಿಲ್ಲುತ್ತದೆ. ಉರಿ ಬರಗೊಡದೆ, ಹೊಗೆಯ ಹೊತ್ತು ಕಡಿಮೆ ಮಾಡಿದರೆ ಇನ್ನಷ್ಟು ಕಡಿಮೆಯಾಗುತ್ತದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಉಪ್ಪು, ಹೊಗೆ ಹಾಕಿ ಕೆಡದಂತೆ ಇಡುವ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಹಾಗಂತ ಹೆದರಿ ಬಿಡಬೇಕಿಲ್ಲ, ದಿನಾ ತಿನ್ನುವ ಅಡುಗೆ ಇದಲ್ಲ ಅಷ್ಟೇ. ನಮ್ಮನೆಯಲ್ಲಿ ಬಾಡು ಮೀನಿಗೆ ಹೊಗೆ ಅಪರೂಪ, ತರಕಾರಿಗೆ ಧಾರಾಳ. ಹೊಗೆ ಹಾಕಿದ್ದನ್ನು ಅವತ್ತೇ ತಿಂದು ಮುಗಿಸುತ್ತೇವೆ.

ಇನ್ನು ಅಡುಗೆ ಮಾಡುವವರ ಎದೆಯ ವಿಷಯ. ಹೊಗೆ ತುಂಬಿದ ಅಡುಗೆಮನೆಯಲ್ಲಿ ಕೆಮ್ಮುತ್ತಲೇ ಬಾಳಿದ ಹೆಂಗಸರನ್ನು ನಾವೆಲ್ಲ ನೋಡಿದ್ದೇವೆ. ಆ ಕಷ್ಟ ನೋಡಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಸ್ತ್ರ ಒಲೆ ಮಾಡಿದ್ದು. ಹೊಗೆ ಕೊಳವೆಯಲ್ಲಿ ಹೊರಗೆ ಹೋಯಿತು. ಅಟ್ಟದ ಮೀನಿನ ರುಚಿಯೂ ಅದರ ಜೊತೆಗೇ ಹೋಯಿತು ಅಂತ ಹಿರಿಯರು ಗೊಣಗುತ್ತಿದ್ದರು, ಗೊಣಗಲಿ ಬಿಡಿ. ನಾನು ಬಾಣಲೆಗೆ ಮುಚ್ಚಳ ಹಾಕಿ ಗಾಳಿ ಬರುವ ದಿಕ್ಕಿಗೆ ದೂರ ಹೋಗಿ ಕೂರುತ್ತೇನೆ. ಕೆಂಡವನ್ನು ಮುಚ್ಚಿದ ಕೋಣೆಯೊಳಗೆ ಮಾತ್ರ ಯಾವತ್ತೂ ತರಬಾರದು. ಹೊಗೆಯೇ ಕಾಣದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯೇ ಇಲ್ಲ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಮೊಟ್ಟೆ. ಬೇಯಿಸಿ, ಸಿಪ್ಪೆ ಸುಲಿದು, ನೀರು ಒರೆಸಿ ಐದಾರು ನಿಮಿಷ ಹೊಗೆಗೆ ಇಡಿ. ಬಿಳಿ ಭಾಗ ತಿಳಿ ಕಂದು ಬಣ್ಣಕ್ಕೆ ತಿರುಗುತ್ತದೆ. ಮೇಲೆ ಉಪ್ಪು, ಕುಟ್ಟಿದ ಕಾಳುಮೆಣಸು. ಹೊಸ ಮೆಣಸು ಕೊಯ್ದು ಒಣಗಿಸಿ ಇಟ್ಟ ಕಾಲವಾದ್ದರಿಂದ ಘಾಟು ಜೋರಾಗಿಯೇ ಇರುತ್ತದೆ.

ಮೀನಿಗೆ ಮಾತ್ರ ನನ್ನ ಹಬೆಯ ನಿಯಮ ಇಲ್ಲ. ಘಟ್ಟದ ಕೆಳಗಿಂದ ಆಗುಂಬೆ ದಾಟಿ ಬರುವ ಮೀನಿನ ಗಾಡಿಯಲ್ಲಿ ಬಂಗುಡೆ ಸಿಗುತ್ತದೆ. ಬೇಸಿಗೆಯಲ್ಲಿ ಬಂಗುಡೆ ಕೊಳ್ಳುವಾಗ ಕಣ್ಣು ಬಿಟ್ಟುಕೊಂಡು ಕೊಳ್ಳಬೇಕು. ಐಸ್ ಸಾಲದೆ ಬೆಚ್ಚಗಾದ ಬಂಗುಡೆಯಲ್ಲಿ ಹಿಸ್ಟಮಿನ್ ಅನ್ನುವ ಅಂಶ ಬೆಳೆಯುತ್ತದೆ. ಅದು ಬೇಯಿಸಿದರೂ ಹೋಗುವುದಿಲ್ಲ, ಹೊಗೆ ಹಾಕಿದರೂ ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ ತಲೆನೋವು, ತುರಿಕೆ. ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ನಿಲ್ಲಬಾರದು, ಮೀನು ಐಸ್‌ನಲ್ಲಿ ಹೂತಿರಬೇಕು. ಇಲ್ಲದಿದ್ದರೆ ಅವತ್ತು ಬದನೆಕಾಯಿ.

ಮೀನು ಸೀಳಿ, ಹೊಟ್ಟೆ ತೆಗೆದು, ಲೀಟರ್ ನೀರಿಗೆ ಸುಮಾರು 50 ಗ್ರಾಂ ಉಪ್ಪು ಕರಗಿಸಿ ಅದರಲ್ಲಿ ಅರ್ಧ ಗಂಟೆ ಇಡುತ್ತೇನೆ. ಆಮೇಲೆ ಒರೆಸಿ, ಮುಚ್ಚದೆ ಫ್ರಿಜ್ಜಿನಲ್ಲಿ ಒಂದು ಗಂಟೆ. ಬಿಸಿಲಿಗೆ ಹಾಕಬೇಡಿ. ಮೇಲ್ಮೈ ಬೆರಳಿಗೆ ಸ್ವಲ್ಪ ಅಂಟುವಷ್ಟು ಒಣಗಿದರೆ ಹೊಗೆ ಸಮನಾಗಿ ಹಿಡಿಯುತ್ತದೆ. ಒದ್ದೆ ಇದ್ದರೆ ಗೆರೆ ಗೆರೆಯಾಗಿ ಕಹಿ ಕೂರುತ್ತದೆ. ಚಕ್ಕೆ ಒಂದೇ ಹಿಡಿ, ಹೊಗೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಇನ್ನೊಂದು ಹತ್ತು ಹದಿನೈದು ನಿಮಿಷ ಬರೀ ಶಾಖದಲ್ಲಿ ಬೇಯಲಿ. ಬೆನ್ನಿನ ದಪ್ಪ ಭಾಗ ಎಸಳೆಸಳಾಗಿ ಬಿಟ್ಟುಕೊಂಡರೆ ಆಯಿತು. ಆಗ ಚರ್ಮ ಹಳೇ ಹಿತ್ತಾಳೆ ಚೊಂಬಿನ ಬಣ್ಣಕ್ಕೆ ತಿರುಗಿರುತ್ತದೆ. ಮುಳ್ಳು ಬಿಡಿಸಿ ಈರುಳ್ಳಿ, ಸೂಜಿಮೆಣಸು, ಕಂಚಿಹುಳಿ ಹಿಂಡಿ ಕಲಸಿದರೆ ಅಕ್ಕಿ ಕಡುಬಿಗೆ ಬೇರೇನೂ ಬೇಡ.

ಕೋಳಿಗೆ ಮೊದಲು ಹಬೆ, ಆಮೇಲೆ ಹೊಗೆ. ಒಳಗೆ 74 ಡಿಗ್ರಿ ಮುಟ್ಟಬೇಕು, ಅದಕ್ಕೊಂದು ಮಾಂಸದ ಥರ್ಮಾಮೀಟರ್ ಇಟ್ಟುಕೊಂಡರೆ ಅನುಮಾನವೇ ಇರುವುದಿಲ್ಲ. ನಾಟಿಕೋಳಿ ಇದಕ್ಕೆ ಆಗದು, ಅದನ್ನು ಸಾರಿಗೇ ಬಿಡಿ.

ಮೀನು ಮಾಂಸ ತಿನ್ನದ ಮನೆಯವರು ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ನನ್ನ ಕೇಳಿದರೆ ಹೊಗೆಗೆ ಎಳೆ ಹಲಸಿನಷ್ಟು ಹೊಂದುವುದು ಇನ್ನೊಂದಿಲ್ಲ. ಕೈಗೆ ಕತ್ತಿಗೆ ಎಣ್ಣೆ ಸವರಿಕೊಂಡು ಹೆಚ್ಚಿ, ಉಪ್ಪು ಅರಿಶಿನ ಹಾಕಿ ಹಬೆಯಲ್ಲಿ ಮೆತ್ತಗಾಗುವವರೆಗೆ ಬೇಯಿಸಿ. ನೀರಾರಿದ ಮೇಲೆ ಎಂಟು ನಿಮಿಷ ಹೊಗೆ. ಆಮೇಲೆ ಎಂದಿನ ಹಾಗೆ ಕಾಯಿ, ಮೆಣಸು ಹಾಕಿ ಪಲ್ಯ. ನಾರು ನಾರಿನಲ್ಲಿ ಹೊಗೆ ಕೂತಿರುತ್ತದೆ. ಟೊಮೇಟೊ ಎರಡು ಹೋಳು ಮಾಡಿ ಹೊಗೆ ಕೊಟ್ಟು ಸಾರಿಗೆ ಹಾಕಿದರೆ ಬೇಳೆ ಕೂಡ ಬೇಡ. ಬದನೆಕಾಯಿಗೆ ಮಾತ್ರ ಬಾಣಲೆ ಯಾಕೆ? ಕೆಂಡದಲ್ಲೇ ಹೂತು ಸುಟ್ಟು, ಕಪ್ಪಾದ ಸಿಪ್ಪೆ ಪೂರ್ತಿ ತೆಗೆದು ಗೊಜ್ಜು ಮಾಡಿ. ಅದನ್ನು ಮೀರಿಸುವ ವಿಧಾನ ನನಗೆ ಗೊತ್ತಿಲ್ಲ.

ಶಿವಮೊಗ್ಗದ ವಿನೋಬನಗರದಲ್ಲಿರುವ ತಂಗಿಗೆ ಹಿತ್ತಲೂ ಇಲ್ಲ, ಬಚ್ಚಲ ಒಲೆಯೂ ಇಲ್ಲ. ಅವಳು ಗ್ಯಾಸ್ ಮೇಲೆಯೇ ಮಾಡುತ್ತಾಳೆ. ಬಾಣಲೆಗೆ ಫಾಯಿಲ್ ಹಾಸಿ, ಅಕ್ಕಿ, ಚಹಾಸೊಪ್ಪು, ಪುಡಿ ಬೆಲ್ಲ ಎರಡೆರಡು ಚಮಚ ಹಾಕಿ, ಹೊಗೆ ಏಳುವವರೆಗೆ ಜೋರು ಉರಿ, ಆಮೇಲೆ ಸಣ್ಣ ಉರಿ. ಕಿಟಕಿಯೆಲ್ಲ ತೆರೆದು, ಫ್ಯಾನ್ ಹಾಕಿ, ಐದು ನಿಮಿಷಕ್ಕೆ ಆಫ್. ಮುಚ್ಚಳವನ್ನು ಬಾಲ್ಕನಿಗೆ ಒಯ್ದೇ ತೆಗೆಯಬೇಕು. ಪನೀರಿಗೆ, ಮೊಟ್ಟೆಗೆ ಇಷ್ಟು ಸಾಕು.

ಇಷ್ಟೂ ಬೇಡ ಅನ್ನುವವರಿಗೆ ಮಜ್ಜಿಗೆ ಇದೆ. ಉಪ್ಪು, ಶುಂಠಿ, ಕರಿಬೇವು ಹಾಕಿ ಕಡೆದ ಮಜ್ಜಿಗೆಯ ಮೇಲೆ ಚೊಕ್ಕಟವಾದ ಕರಟವನ್ನು ದೋಣಿಯಂತೆ ತೇಲಿಬಿಟ್ಟು, ಅದರಲ್ಲಿ ಒಂದು ಕೆಂಡ ಇಟ್ಟು, ನಾಲ್ಕು ಕಾಳು ಜೀರಿಗೆ, ಅರ್ಧ ಚಮಚ ತುಪ್ಪ ಬಿಡಿ. ಚುಂಯ್ ಅಂದ ಕೂಡಲೇ ಮುಚ್ಚಿ ಎರಡು ನಿಮಿಷ. ಜಾಸ್ತಿ ಬಿಟ್ಟರೆ ಮಜ್ಜಿಗೆ ಬೂದಿ ವಾಸನೆ ಹೊಡೆಯುತ್ತದೆ.

ಜೂನ್ 1ರಿಂದ ಜುಲೈ ಕೊನೆಯವರೆಗೆ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ಕಡಲಿಗಿಳಿಯುವ ಹಾಗಿಲ್ಲ, ಅಷ್ಟೊತ್ತಿಗೆ ನಮ್ಮಲ್ಲೂ ಮಳೆ ಹಿಡಿದಿರುತ್ತದೆ. ಅದಕ್ಕೇ ಮೇ ತಿಂಗಳಲ್ಲಿ ಪ್ರತಿ ಸಲ ಅಡುಗೆ ಇಳಿಸಿದ ಮೇಲೆ ಉಳಿದ ಕೆಂಡದ ಮೇಲೆಯೇ ಬಾಣಲೆ ಇಟ್ಟು, ಅದಕ್ಕೆ ಇನ್ನೊಂದು ಹಿಡಿ ಪೇರಲೆ ಚಕ್ಕೆ ಹಾಕಿ, ತಟ್ಟೆಯಲ್ಲಿ ಕಲ್ಲುಪ್ಪು ಹರಡಿ ಮುಚ್ಚಿಡುತ್ತೇನೆ. ನಾಲ್ಕಾರು ಸಲ ಹೀಗೆ ಹೊಗೆ ಕುಡಿದ ಉಪ್ಪು ಕಂದುಬಣ್ಣಕ್ಕೆ ಬರುತ್ತದೆ. ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ, ಒದ್ದೆ ಕೈ ತಾಗಿಸದೆ ಇಟ್ಟರೆ ಮಳೆಗಾಲ ಪೂರ್ತಿ ಬರುತ್ತದೆ. ಕೆಸುವಿನ ಗೊಜ್ಜಿಗೂ ಕಳಲೆ ಪಲ್ಯಕ್ಕೂ ಒಂದು ಚಿಟಿಕೆ ಸಾಕು.