ರೇಸಿನ ಹುಲ್ಲು ಗಾಡಿಗೆ ಎಂಜಿನ್ ಆರಿಸಿದ್ದು ಹೇಗೆ

ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಯ ಬ್ಲೇಡ್ ಬಿಚ್ಚಿ ರೇಸ್ ಓಡಿಸುವ ಆಟ 1973ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಕಡೆಯ ವಿಸ್ಬರೋ ಗ್ರೀನ್ ಎಂಬ ಹಳ್ಳಿಯಲ್ಲಿ ಶುರುವಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ಗಾಡಿ ಸಿಗುವುದೇ ಅಪರೂಪ. ಮೈದಾನದಿಂದಲೋ ಕ್ಯಾಂಪಸ್ಸಿನಿಂದಲೋ ಹರಾಜಿಗೆ ಬಂದದ್ದು ಒಂದೆರಡು ಸಿಕ್ಕರೆ ಅದೃಷ್ಟ, ಸಿಕ್ಕರೂ ಎಂಜಿನ್ ಸತ್ತಿರುತ್ತದೆ. ಹಾಗಾಗಿ ನಮ್ಮಲ್ಲಿ ಗಾಡಿ ಕಟ್ಟುವ ಕೆಲಸ ಎಂಜಿನ್ ಹುಡುಕುವುದರಿಂದಲೇ ಶುರುವಾಗುತ್ತದೆ. ನಾನು ಕೂರಿಸಿದ್ದು 389 ಸಿಸಿಯ, ಅಡ್ಡ ಶಾಫ್ಟಿನ ಏರ್‌ಕೂಲ್ಡ್ ಪೆಟ್ರೋಲ್ ಎಂಜಿನ್. ಎಂಜಿನ್ನಿನ ವೇಗ ಮಿತಿ ಮೀರದಂತೆ ತಡೆಯುವ ಗವರ್ನರ್ ಹಾಗೇ ಬಿಟ್ಟಿದ್ದೇನೆ.

ಎಂಜಿನ್ ನೋಡಲು ಹೋದಾಗ ಮೊದಲು ಶಾಫ್ಟ್ ನೋಡಿ. ಹುಲ್ಲು ಗಾಡಿಯ ಮೂಲ ಎಂಜಿನ್ನಿನ ಶಾಫ್ಟ್ ನೆಟ್ಟಗೆ ಕೆಳಕ್ಕಿರುತ್ತದೆ, ಕೆಳಗೆ ಬ್ಲೇಡ್ ತಿರುಗಿಸಬೇಕಲ್ಲ. ಅದರಿಂದ ಹಿಂದಿನ ಆಕ್ಸಲ್ ತಿರುಗಿಸಬೇಕಾದರೆ ನಡುವೆ ರೈಟ್ ಆಂಗಲ್ ಗೇರ್‌ಬಾಕ್ಸ್ ಬೇಕು, ಇಲ್ಲವೇ ಬೆಲ್ಟನ್ನು ತಿರುಚಿ ಓಡಿಸಬೇಕು. ತಿರುಚಿದ ಬೆಲ್ಟ್ ಧೂಳಿನಲ್ಲಿ ಬೇಗ ಹರಿಯುತ್ತದೆ. ಅಡ್ಡ ಶಾಫ್ಟ್ ಇದ್ದರೆ ಬೆಲ್ಟ್, ಚೈನ್ ಎರಡೂ ನೇರ.

ಅಡ್ಡ ಶಾಫ್ಟಿನ ಎಂಜಿನ್‌ಗಳಿಗೆ ನಮ್ಮ ಕಡೆ ಬರವಿಲ್ಲ. ಎಡೆ ಹೊಡೆಯುವ ಯಂತ್ರ, ನೀರಿನ ಪಂಪ್, ಜನರೇಟರ್, ಕಾಂಕ್ರೀಟ್ ಮಿಕ್ಸರ್ ಎಲ್ಲದರಲ್ಲೂ ಅದೇ ತರಹದ ಎಂಜಿನ್. ಹೊರಗಿನಿಂದ ಒಂದೇ ಥರ ಕಂಡರೂ ಶಾಫ್ಟಿನ ತುದಿ ಬೇರೆ ಬೇರೆ. ಜನರೇಟರಿನಿಂದ ಬಿಚ್ಚಿದ್ದಾದರೆ ಶಾಫ್ಟ್ ಇಳಿಜಾರು, ಅಂದರೆ ಟೇಪರ್. ಪಂಪಿನದಕ್ಕೆ ತುದಿಯಲ್ಲಿ ಥ್ರೆಡ್ ಇರಬಹುದು. ಇವೆರಡರಲ್ಲೂ ಸಾದಾ ಪುಲ್ಲಿ ಕೂರುವುದಿಲ್ಲ. ಎಡೆ ಹೊಡೆಯುವ ಯಂತ್ರದ ಮತ್ತು ಮಿಕ್ಸರಿನ ಕೆಲವು ಎಂಜಿನ್‌ಗಳಿಗೆ ಒಳಗೇ ರಿಡಕ್ಷನ್ ಇರುತ್ತದೆ. ಎಂಜಿನ್ ನಿಮಿಷಕ್ಕೆ 3600 ಸುತ್ತು (ಆರ್‌ಪಿಎಂ) ತಿರುಗಿದರೂ ಹೊರಗಿನ ಶಾಫ್ಟ್ 1800 ಅಥವಾ ಅದಕ್ಕೂ ಕಡಿಮೆ ತಿರುಗುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ: ಪ್ಲಗ್ ಬಿಚ್ಚಿ, ಫ್ಲೈವೀಲನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಶಾಫ್ಟಿನ ಕೀ (ಪುಲ್ಲಿ ಜಾರದಂತೆ ಹಿಡಿಯುವ ಲೋಹದ ತುಂಡು) ಇದ್ದಲ್ಲಿಗೇ ಬಂತೇ ನೋಡಿ. ಅರ್ಧಕ್ಕೇ ನಿಂತರೆ ಬೇಡ. ನಮಗೆ ಬೇಕಾದದ್ದು ನೇರ, ಕೀ ಕೂರುವ ಕಚ್ಚು ಇರುವ ಶಾಫ್ಟ್. 200 ಸಿಸಿವರೆಗಿನದರಲ್ಲಿ ಸಾಮಾನ್ಯವಾಗಿ 19.05 ಅಥವಾ 20 ಮಿಮೀ, 389 ಸಿಸಿಯದರಲ್ಲಿ 25 ಅಥವಾ 25.4 ಮಿಮೀ. ವರ್ನಿಯರ್ ಹಿಡಿದು ಅಳೆಯದೆ ಪುಲ್ಲಿ ಬೋರ್ ಮಾಡಿಸಬೇಡಿ. 25.4ಕ್ಕೆ ಮಾಡಿಸಿದ ಪುಲ್ಲಿ 25ರ ಮೇಲೆ ಓಲಾಡುತ್ತದೆ, ಅರ್ಧ ಗಂಟೆಯಲ್ಲಿ ಕೀ ಕತ್ತರಿಸುತ್ತದೆ.

ಎರಡು ಟ್ಯಾಂಕ್ ಇರುವ, ಪೆಟ್ರೋಲಿನಲ್ಲಿ ಚಾಲೂ ಮಾಡಿ ಚಿಮಣಿ ಎಣ್ಣೆಯಲ್ಲಿ ಓಡಿಸುವ ಎಂಜಿನ್ ಅಗ್ಗವಾಗಿ ಸಿಕ್ಕೀತು. ಅದರ ಕಂಪ್ರೆಷನ್ ಕಡಿಮೆ, ರೇಸಿಗೆ ಆಗದು. ಡೀಸೆಲ್ಲಿನದು ತೂಕಕ್ಕೇ ಬೇಡ.

ಇನ್ನು ಅಳತೆಯ ಪ್ರಶ್ನೆ. ಹೊಂಡಾ ಜಿಎಕ್ಸ್ ಸರಣಿಯ ಅಂಕಿಗಳನ್ನೇ ತೆಗೆದುಕೊಳ್ಳೋಣ, ಉಳಿದ ಬಹಳಷ್ಟು ಎಂಜಿನ್‌ಗಳು ಅದೇ ಅಳತೆಯ ನಕಲುಗಳು. ಜಿಎಕ್ಸ್200: ಬೋರ್ (ಸಿಲಿಂಡರಿನ ಅಗಲ) 68, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 54 ಮಿಮೀ, 196 ಸಿಸಿ, 3600 ಆರ್‌ಪಿಎಂನಲ್ಲಿ 4.1 ಕಿಲೋವಾಟ್, ಟಾರ್ಕ್ 12.4 ನ್ಯೂಟನ್ ಮೀಟರ್, ತೂಕ 16 ಕೆಜಿ. ಜಿಎಕ್ಸ್390: ಬೋರ್ 88, ಸ್ಟ್ರೋಕ್ 64, 389 ಸಿಸಿ, 8.7 ಕಿಲೋವಾಟ್, ಟಾರ್ಕ್ 26.5, ತೂಕ 31 ಕೆಜಿಯ ಮೇಲೆ. 15 ಕೆಜಿ ಹೆಚ್ಚು ಹೊತ್ತರೆ ಎರಡು ಪಟ್ಟು ಶಕ್ತಿ.

"ಸಣ್ಣದ ತಗೋರಿ, ಗವರ್ನರ್ ತಗದ ಒಗೀರಿ, ಗಾಡಿ ಹಾರತೈತಿ" ಎನ್ನುವವರು ಪ್ರತಿ ಗ್ಯಾರೇಜಿನಲ್ಲೂ ಸಿಗುತ್ತಾರೆ. ದಯವಿಟ್ಟು ಕೇಳಬೇಡಿ. 196 ಸಿಸಿಯಿಂದ 8.7 ಕಿಲೋವಾಟ್ ತೆಗೆಯಬೇಕಾದರೆ ಅದು 7000 ದಾಟಿ ತಿರುಗಬೇಕು. ಒಳಗೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಂನದು, ಬೇರಿಂಗ್ ಶೆಲ್ ಕೂಡ ಇಲ್ಲದೆ ನೇರ ಕ್ರ್ಯಾಂಕಿನ ಮೇಲೆ ಓಡುತ್ತದೆ. ಆ ರಾಡಿನ ಮೇಲಿನ ಎಳೆತ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ: 3600ರಿಂದ 5400ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಎಳೆತ ಎರಡೂಕಾಲು ಪಟ್ಟು. ರಾಡ್ ಮುರಿದರೆ ಕ್ರ್ಯಾಂಕ್‌ಕೇಸ್ ಒಡೆದು ಹೊರಬರುತ್ತದೆ. ಬೀಡು ಕಬ್ಬಿಣದ ಫ್ಲೈವೀಲ್ ಸಿಡಿದರೆ ಅದರ ಚೂರುಗಳು ಕೂತವರ ಕಾಲಿಗೇ ಬರುತ್ತವೆ. ಗವರ್ನರ್ ತೆಗೆಯಲೇಬೇಕೆಂದರೆ ಬಿಲೆಟ್ (ಒಂದೇ ಗಟ್ಟಿ ಲೋಹದ ತುಂಡಿನಿಂದ ಕಡೆದ) ರಾಡ್, ಬಿಲೆಟ್ ಫ್ಲೈವೀಲ್, ಗಟ್ಟಿ ವಾಲ್ವ್ ಸ್ಪ್ರಿಂಗ್ ಮೂರೂ ಬೇಕು. ಅಷ್ಟು ಹಣಕ್ಕಿಂತ ಕಡಿಮೆಯಲ್ಲಿ ದೊಡ್ಡ ಎಂಜಿನ್ನೇ ಬರುತ್ತದೆ. ವೇಗ ಬೇಕಿದ್ದರೆ ಸಿಸಿ ಕೊಳ್ಳಬೇಕು, ಆರ್‌ಪಿಎಂ ಕೊಳ್ಳಬಾರದು. ಇನ್ನೊಂದು ಲೆಕ್ಕವೂ ಇದೆ: ಪ್ರತಿ 300 ಮೀಟರ್ ಎತ್ತರಕ್ಕೆ ಇಂಥ ಎಂಜಿನ್ ಸುಮಾರು ಶೇ 3.5ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹುಬ್ಬಳ್ಳಿ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ, ಅಂದರೆ ಶೇ 7ರಷ್ಟು ಇಲ್ಲೇ ಹೋಯಿತು. ಇದಕ್ಕಾಗಿ ಕಾರ್ಬೊರೇಟರಿನ ಜೆಟ್ ಬದಲಿಸುವ ಅಗತ್ಯವಿಲ್ಲ.

ವೇಗ ಹೊಂದಿಸಬೇಕಾದದ್ದು ಪುಲ್ಲಿಯಲ್ಲಿ. ಹಿಂದಕ್ಕೆ ಹಾಕಿದ್ದು ಸ್ಕೂಟರಿನ 90/100-10 ಟೈರ್, ಸುತ್ತಳತೆ ಸುಮಾರು 1.36 ಮೀಟರ್. ಎಂಜಿನ್ನಿನ ಮೇಲೆ 4 ಇಂಚಿನ ಪುಲ್ಲಿ, ನಡುವಿನ ಜಾಕ್ ಶಾಫ್ಟಿನ ಮೇಲೆ 7 ಇಂಚಿನದು, ಬಿ ಸೆಕ್ಷನ್ ಬೆಲ್ಟ್. ಜಾಕ್ ಶಾಫ್ಟಿನಿಂದ ಆಕ್ಸಲಿಗೆ ಬೈಕಿನ 428 ಚೈನ್, 12 ಹಲ್ಲಿಗೆ 42 ಹಲ್ಲು. ಒಟ್ಟು ಅನುಪಾತ 6.1, 3600ಕ್ಕೆ ಗಂಟೆಗೆ 48 ಕಿಮೀ. 7 ಇಂಚಿನ ಜಾಗಕ್ಕೆ 6 ಹಾಕಿದರೆ 56, 8 ಹಾಕಿದರೆ 42. ಪುಲ್ಲಿಯ ಅಳತೆ ಎಂದರೆ ಬೆಲ್ಟ್ ಕೂರುವ ಜಾಗದ್ದು, ಹೊರ ಅಂಚಿನದಲ್ಲ. ಜಾಕ್ ಶಾಫ್ಟ್ ಉಳಿಸಲು ಹೋಗಿ 12ರಿಂದ 42ಕ್ಕೆ ನೇರ ಚೈನ್ ಕೊಟ್ಟರೆ ಲೆಕ್ಕದಲ್ಲಿ 84 ಕಿಮೀ ಬರುತ್ತದೆ, ನೆಲದ ಮೇಲೆ ಕ್ಲಚ್ಚು ಹೊಗೆಯಾಡುತ್ತದೆ.

6.1 ಅನುಪಾತದಲ್ಲಿ ಹಿಂದಿನ ಗಾಲಿಗಳಿಗೆ ಸುಮಾರು 75 ಕೆಜಿಯಷ್ಟು ನೂಕು ಸಿಗುತ್ತದೆ. ಧಾರವಾಡದ ಪಡುವಲ ಕಡೆಯ ಮಸಾರಿ ನೆಲದಲ್ಲಿ, ಮೇಲೆ ಸಡಿಲ ಮಣ್ಣಿದ್ದರೆ, ಅಷ್ಟಕ್ಕೇ ಗಾಲಿ ಸುತ್ತುತ್ತದೆ. ಅಲ್ಲಿ 6 ಇಂಚಿನ ಪುಲ್ಲಿ ಹಾಕಿದರೆ ಗಾಡಿ ಹಿಡಿತದಲ್ಲಿರುತ್ತದೆ. ನವಲಗುಂದ, ಗದಗ ಕಡೆಯ ಎರಿ ಹೊಲ ಬೇಸಿಗೆಯಲ್ಲಿ ಗಟ್ಟಿ, ಹಿಡಿತ ಚೆನ್ನ. ಆದರೆ ಬಿರುಕು ಬಿಟ್ಟ ಕಡೆ ಗಾಡಿ ಇಳಿಸಲೇಬಾರದು.

ಕ್ಲಚ್ಚಿಗೆ ನಾನು ಹುಲ್ಲು ಗಾಡಿಯ ಹಳೆಯ ಪದ್ಧತಿಯನ್ನೇ ಉಳಿಸಿಕೊಂಡೆ. ಬೆಲ್ಟ್ ಸಡಿಲವಿರುತ್ತದೆ, ಪೆಡಲ್ ಬಿಟ್ಟಾಗ ಸ್ಪ್ರಿಂಗ್ ಐಡ್ಲರ್ ಪುಲ್ಲಿಯನ್ನು ಒತ್ತಿ ಬಿಗಿ ಮಾಡುತ್ತದೆ. ಐಡ್ಲರ್ ಬರಬೇಕಾದದ್ದು ಬೆಲ್ಟಿನ ಜೋಲು ಬೀಳುವ ಬದಿಗೆ. ಎಂಜಿನ್ ಮುಂದೆ, ಜಾಕ್ ಶಾಫ್ಟ್ ಹಿಂದೆ ಇದ್ದರೆ ಅದು ಕೆಳಬದಿ. ಎರಡೂ ಪುಲ್ಲಿಗಳ ಹತ್ತಿರ 8 ಮಿಮೀ ಸರಳಿನ ಕೊಂಡಿ ಬೆಸೆಯಿರಿ. ಇಲ್ಲದಿದ್ದರೆ ಸಡಿಲಾದ ಬೆಲ್ಟ್ ಪುಲ್ಲಿಗೆ ಅಂಟಿಕೊಂಡೇ ತಿರುಗಿ, ಪೆಡಲ್ ಒತ್ತಿದರೂ ಗಾಡಿ ಮುಂದೆ ತೆವಳುತ್ತದೆ.

ಕೂರಿಸುವಾಗ ಬಹಳ ಜನ ತಪ್ಪುವುದು ದಿಕ್ಕಿನಲ್ಲಿ. ಈ ಎಂಜಿನ್‌ಗಳು ಶಾಫ್ಟಿನ ಕಡೆಯಿಂದ ನೋಡಿದರೆ ಗಡಿಯಾರಕ್ಕೆ ಎದುರಾಗಿ ತಿರುಗುತ್ತವೆ. ಆದ್ದರಿಂದ ಶಾಫ್ಟ್ ಗಾಡಿಯ ಎಡಕ್ಕೆ ಮುಖ ಮಾಡಬೇಕು, ಬಲಕ್ಕೆ ಮಾಡಿದರೆ ಗಾಡಿ ಹಿಂದಕ್ಕೆ ಓಡುತ್ತದೆ. ಪ್ಲೇಟ್ ಕತ್ತರಿಸುವ ಮೊದಲೇ ಇದನ್ನು ನೋಡಿಕೊಳ್ಳಿ. ಪ್ಲೇಟ್ 6 ಮಿಮೀಗಿಂತ ತೆಳುವಾದರೆ ಕಂಪನಕ್ಕೆ ಸೀಳುತ್ತದೆ. ಬೋಲ್ಟಿನ ತೂತುಗಳನ್ನು ಉದ್ದಕ್ಕೆ ಸೀಳು ಮಾಡಿದರೆ ಬೆಲ್ಟಿನ ಬಿಗಿ ಹೊಂದಿಸಲು ಬರುತ್ತದೆ. ರಬ್ಬರ್ ಬುಶ್ ಬೇಡ, ಪುಲ್ಲಿಗಳ ಸಾಲು ತಪ್ಪುತ್ತದೆ.

ಸೆಕೆಂಡ್ ಹ್ಯಾಂಡ್ ಎಂಜಿನ್ನಿನ ದಾರ ಎಳೆದು "ಕಂಪ್ರೆಷನ್ ಚಲೋ ಐತಿ" ಎನ್ನುವುದನ್ನು ನಂಬುವಂತಿಲ್ಲ. ಚಾಲೂ ಮಾಡುವಾಗ ಒತ್ತಡ ಇಳಿಸುವ ಡಿಕಂಪ್ರೆಷನ್ ಕ್ಯಾಮ್‌ನಲ್ಲೇ ಇರುತ್ತದೆ, ಕೈಗೆ ತಿಳಿಯುವುದು ಅರ್ಧ ಸತ್ಯ. ವಾಲ್ವ್ ಕವರ್ ಬಿಚ್ಚಿ ಫೀಲರ್ ಗೇಜ್ ಹಾಕಿ: ತಣ್ಣಗಿದ್ದಾಗ ಒಳ (ಇನ್‌ಟೇಕ್) ವಾಲ್ವಿನ ಸಂದು 0.15, ಹೊರ (ಎಕ್ಸಾಸ್ಟ್) ವಾಲ್ವಿನದು 0.20 ಮಿಮೀ ಇರಬೇಕು. ಎಂಜಿನ್ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬಿಸಿಲಿಗೆ ಹಿಡಿಯಿರಿ. ಬೆಳ್ಳಿಯ ಹುಡಿಯಂತೆ ಮಿನುಗಿದರೆ ರಾಡ್ ಸವೆಯುತ್ತಿದೆ, ಅಲ್ಲಿಂದ ಎದ್ದು ಬನ್ನಿ. ದಾರ ಕೈಗೆ ಒದ್ದರೆ ಫ್ಲೈವೀಲಿನ ಕೀ ಅರ್ಧ ಕತ್ತರಿಸಿ ಟೈಮಿಂಗ್ ಜರುಗಿರಬಹುದು. ಅದು ಸಣ್ಣ ಖರ್ಚು, ಬೆಲೆ ಇಳಿಸಲು ಒಳ್ಳೆಯ ಕಾರಣ.

ನಮ್ಮ ಧೂಳಿಗೆ ಫೋಮ್ ಮತ್ತು ಪೇಪರ್ ಎರಡೂ ಇರುವ ಏರ್ ಕ್ಲೀನರ್ ಬೇಕೇ ಬೇಕು. ಫೋಮನ್ನು ಎಂಜಿನ್ ಎಣ್ಣೆಯಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಹಾಕಿ. ಫ್ಯಾನಿನ ಜಾಲರಿಗೆ ಒಣ ಹುಲ್ಲು ಸಿಕ್ಕಿಕೊಂಡರೆ ಸಿಲಿಂಡರ್ ತಲೆ ಕಾಯುತ್ತದೆ, ಪ್ರತಿ ಓಟದ ನಂತರ ಬ್ರಶ್ ಹಾಕಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರು ಹೀರುತ್ತದೆ, ಗಾಡಿ ನಿಲ್ಲಿಸಿಡುವಾಗ ಕಾರ್ಬೊರೇಟರಿನ ಬಟ್ಟಲು ಖಾಲಿ ಮಾಡಿ.

ಕೊನೆಗೆ, ಎಲ್ಲ ಸರಿಯಿದ್ದರೂ ತಿರುವಿನಲ್ಲಿ ಎಂಜಿನ್ ತಟಕ್ಕನೆ ಸತ್ತು, ನೇರಕ್ಕೆ ಬಂದೊಡನೆ ಮತ್ತೆ ಹಿಡಿದರೆ ಕಾರ್ಬೊರೇಟರ್ ಬಿಚ್ಚುತ್ತ ಕೂರಬೇಡಿ. ಎಣ್ಣೆ ಕಡಿಮೆಯಾದಾಗ ಸ್ಪಾರ್ಕ್ ಕಡಿಯುವ ತೇಲು ಸ್ವಿಚ್ ಕ್ರ್ಯಾಂಕ್‌ಕೇಸಿನ ತಳದಲ್ಲಿರುತ್ತದೆ. ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿದಾಗ ಅದು ಎಣ್ಣೆ ಮುಗಿಯಿತೆಂದೇ ತಿಳಿಯುತ್ತದೆ. ಹೊರಗೆ ಕಾಣುವ ಅದರ ತಂತಿ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಕಟ್ಟಿಬಿಡಿ. ಆದರೆ ಒಳಗೆ ಎಣ್ಣೆ ಪಂಪ್ ಇಲ್ಲ, ರಾಡಿನ ತುದಿಯ ಚಮಚ ಎರಚಿದ್ದೇ ಎಣ್ಣೆ. ತಂತಿ ಬಿಚ್ಚಿದ ಮೇಲೆ ಪ್ರತಿ ಓಟದ ಮೊದಲೂ ಗಾಡಿಯನ್ನು ಸಮತಟ್ಟು ನೆಲಕ್ಕೆ ತಂದು, ಕ್ಯಾಪ್ ತೆಗೆದು, 1.1 ಲೀಟರ್ ಪೂರ್ತಿ ಇದೆಯೇ, ಬಾಯಿಯ ಅಂಚಿನವರೆಗೆ ಎಣ್ಣೆ ನಿಂತಿದೆಯೇ ಎಂದು ಕಣ್ಣಾರೆ ನೋಡಿಯೇ ದಾರ ಎಳೆಯಬೇಕು.